ಭೀಮಲಿಂಗಪ್ಪನ ರುಮಾಲು ಮತ್ತು ಎಂಟು ತಿಂಗಳ ವೀಸಾ

ಚಿಪ್ಪಗಿರಿಯ ಭೀಮಲಿಂಗಪ್ಪನಿಗೆ ಪರದೇಶಕ್ಕೆ ಹೋಗಿ ಇರಬೇಕೆಂಬ ಆಸೆ ಹುಟ್ಟಿದ್ದು ಊಟದ ಎಲೆಯ ಮುಂದೆ, ಎರಡನೇ ಹೋಳಿಗೆಗೂ ಮೂರನೇ ಹೋಳಿಗೆಗೂ ನಡುವೆ. ಲೋಕದ ಎಷ್ಟೋ ದೊಡ್ಡ ಕೆಲಸಗಳು ಹೀಗೇ ಶುರುವಾಗುತ್ತವೆಂದು ತಿಳಿದವರು ಹೇಳುತ್ತಾರೆ. ತಿಳಿದವರು ಯಾರು ಎಂದು ಕೇಳಬೇಡಿ, ಕಥೆ ಅಲ್ಲೇ ನಿಂತುಬಿಡುತ್ತದೆ.

ಅಂದು ಆದೋನಿಯ ಬೀಗರ ಮನೆಯಲ್ಲಿ ಮೊಮ್ಮಗನ ಜವಳ. ಬೀಗರೆಂದರೆ ಮಗಳು ಶಿರೀಷಾಳ ಮಾವ ಲಕ್ಷ್ಮಿಕಾಂತ್, ಹತ್ತಿ ಮಾರ್ಕೆಟ್ಟಿನ ದಲ್ಲಾಳಿ. ಹಿಂದಿನ ತಿಂಗಳಷ್ಟೇ ಹನ್ನೆರಡು ದಿನ ದುಬೈ ನೋಡಿಕೊಂಡು ಬಂದಿದ್ದರು. ಬಂದಾಗಿನಿಂದ ಅವರ ನಾಲಿಗೆಗೆ ಬೇರೆ ಕೆಲಸವಿರಲಿಲ್ಲ. ತುಪ್ಪ ಬಡಿಸಿದರೆ ದುಬೈ, ಸಾರು ಬಡಿಸಿದರೆ ದುಬೈ. ಮೊಮ್ಮಗ ಕ್ಷೌರದವನ ಕೈಯಲ್ಲಿ ಅತ್ತರೂ "ದುಬೈದಾಗ ಹುಡುಗ್ರು ಅಳಂಗೇ ಇಲ್ಲ" ಎಂದರು.

"ಬಿಸಿಲಂದ್ರ ಅದು ಬಿಸಿಲು ನೋಡ್ರಿ ಬೀಗರ. ನಮ್ದೇನು ಬಿಸಿಲು! ಫಾರಿನ್ ಕಂಡಾಂವಗ ಈ ಊರು ಕಣ್ಣಿಗಿ ಹತ್ತಂಗಿಲ್ಲ."

ಭೀಮಲಿಂಗಪ್ಪ ಮೂವತ್ತೈದು ವರ್ಷ ಕುರಿ ಕಾಯ್ದವನು. ವರ್ಷಕ್ಕೆ ಎಂಟು ತಿಂಗಳು ಹಿಂಡು ಹೊಡೆದುಕೊಂಡು ತುಂಗಭದ್ರೆಯ ಕಾಲುವೆ ದಂಡೆ, ಕೃಷ್ಣೆಯ ದಂಡೆ ಎಂದು ಕಂಡವರ ನಾಡಿನಲ್ಲಿ ತಿರುಗಿ, ಮುಂಗಾರಿಗೆ ಸರಿಯಾಗಿ ಊರು ಸೇರಿದವನು. ಮೊಣಕಾಲು ಕೈಕೊಟ್ಟಿತೆಂದು ಹೋದ ಯುಗಾದಿಗೆ ಹಿಂಡು ಮಾರಿದ್ದ. ಅಂಥವನ ಮುಂದೆ ಹನ್ನೆರಡು ದಿನ ಹೋಗಿ ಬಂದವನು ಹನ್ನೆರಡು ಸಲ ದುಬೈ ಎಂದರೆ ಹೇಗಾಗಬೇಡ!

"ಬೀಗರ, ಒಂದು ಮಾತು ಹೇಳಲೇನ್ರಿ? ಹನ್ನೆರಡು ದಿನ ಹೋಗಿ ಬರೋದಕ್ಕ ಫಾರಿನ್ ಅನ್ನಂಗಿಲ್ಲ, ಸಂತಿ ಅಂತಾರ. ಹೋದ್ರ ಎಂಟು ತಿಂಗಳು ಇರಬೇಕು. ನಾ ಇರ್ತೀನಿ, ನೋಡ್ತಿರ್ರಿ."

"ಯಾವ ದೇಶದಾಗ್ರೀ? ನಿಮ್ಮೂರ ಬಾಜೂಕಿನ ಗುಂತಕಲ್ ದೇಶದಾಗೇನು?" ಎಂದರು ಲಕ್ಷ್ಮಿಕಾಂತ್. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವವನೂ ನಕ್ಕ. ಇದು ಮಾತ್ರ ಅತಿಯಾಯಿತು.

ಭೀಮಲಿಂಗಪ್ಪ ಎದ್ದ. ಕೈ ತೊಳೆಯಲಿಲ್ಲ. ತಲೆಯ ಮೇಲಿನ ಕೆಂಪು ರುಮಾಲು ಬಿಚ್ಚಿ, ಬೀಗರ ಪಡಸಾಲೆಯ ಗೂಟಕ್ಕೆ ನೇತುಹಾಕಿದ. "ಎಂಟು ತಿಂಗಳ ವೀಸಾ ಕೈಗಿ ಬಂದ ದಿನ ಇದನ್ನ ನೀವೇ ನಮ್ಮ ಮನಿಗಿ ತಂದು ಕೊಡಬೇಕು. ಅಲ್ಲೀತನ ನಾ ಬರಿದಲೆ!" ಎಂದ. ಆಮೇಲೆ ಕೂತು ಮೂರನೇ ಹೋಳಿಗೆ ತಿಂದ. ಶಪಥ ಬೇರೆ, ಹೋಳಿಗೆ ಬೇರೆ.

ಚಿಪ್ಪಗಿರಿಯಲ್ಲಿ ಆಟೋ ಇಳಿದಾಗಲೇ ಬರಿದಲೆಯ ಬೆಲೆ ಗೊತ್ತಾದದ್ದು. ಮೀಸೆ ಬಂದಂದಿನಿಂದ ರುಮಾಲಿಲ್ಲದೆ ಅವನನ್ನು ಕಂಡವರಿಲ್ಲ. ಆ ಕಡೆ ಗಂಡಸು ರುಮಾಲು ತೆಗೆದು ತಿರುಗುವುದು ಸಾವಾದ ಮನೆಯಿಂದ ಬರುವಾಗ ಮಾತ್ರ. ಪಕ್ಕದ ಮನೆಯ ಯಂಕಣ್ಣ ದೂರದಿಂದ ನೋಡಿದವನೇ ಹೆಗಲ ಮೇಲಿನ ಟವೆಲ್ಲು ಬಾಯಿಗೊತ್ತಿಕೊಂಡು ಓಡಿಬಂದು ತಬ್ಬಿಕೊಂಡ.

"ಯಾರಪ್ಪಾ? ಯಾರು ಹೋದರು? ಬೀಗರೇನು? ಆರಾಮ ಇದ್ದರಲ್ಲೋ, ದುಬೈಗಿ ಬ್ಯಾರೆ ಹೋಗಿ ಬಂದಿದ್ದರು!"

"ಯಾರೂ ಹೋಗಿಲ್ಲೋ ಮಾರಾಯ. ಹೋಗಾಂವ ನಾನು."

ಯಂಕಣ್ಣ ಇನ್ನೂ ಜೋರಾಗಿ ಅತ್ತ. ಹೋಗುವುದು ಪರದೇಶಕ್ಕೆ, ಎಂಟು ತಿಂಗಳಿಗೆ ಮಾತ್ರ ಎಂದು ಬಿಡಿಸಿ ಹೇಳುವಷ್ಟರಲ್ಲಿ ಎಂಟು ಹತ್ತು ಜನ ಸೇರಿದ್ದರು. ಎಲ್ಲ ಕೇಳಿಸಿಕೊಂಡು ಯಂಕಣ್ಣ ಕಣ್ಣೊರೆಸಿಕೊಂಡ. "ಎಂಟು ತಿಂಗಳಂದ್ರ ನೀ ಯಾವಾಗ್ಲೂ ಹೋಗ್ತಿದ್ದಿ ಬಿಡು. ಕುರಿ ಇಲ್ಲದ ಹೊಂಟೀದಿ, ಅಷ್ಟೇ" ಎಂದ. ಈ ಮಾತು ಭೀಮಲಿಂಗಪ್ಪನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಮುಂದಿನ ಅನಾಹುತಕ್ಕೆ ಅರ್ಧ ಕಾರಣ ಅದೇ.

ವೀಸಾ ಮಾಡಿಸಿಕೊಡುವ ತಿರುಮಲೇಶನ ಆಫೀಸು ಆದೋನಿ ಬಸ್‌ಸ್ಟ್ಯಾಂಡಿನ ಹತ್ತಿರ, ಮೊಬೈಲ್ ಅಂಗಡಿಯ ಮೇಲೆ. ಗಂಡ, ಹೆಂಡತಿ, ಮಗಳು ಮೂವರೂ ಮೆಟ್ಟಿಲು ಹತ್ತಿದರು. ಹೆಂಡತಿ ಬಸವಕ್ಕನನ್ನು ಕರೆದುಕೊಂಡು ಹೋದದ್ದಕ್ಕೆ ಕಾರಣವಿತ್ತು. ತವರಿನವರು ಅರಿಶಿಣ ಕುಂಕುಮಕ್ಕೆಂದು ಆಕೆಗೆ ಕೊಟ್ಟಿದ್ದ ಜಾಲಿಗಿಡದ ಹೊಲವನ್ನು ಸೋಲಾರ್ ಕರೆಂಟಿನ ಕಂಪನಿಯವರು ಕೊಂಡಿದ್ದರು. ಆ ದುಡ್ಡು ಆಕೆಯ ಹೆಸರಿನಲ್ಲೇ ಬ್ಯಾಂಕಿನಲ್ಲಿತ್ತು. ಬಸವಕ್ಕ ಮೂಲೆಯ ಕುರ್ಚಿಯಲ್ಲಿ ಕೂತಳು.

ತಿರುಮಲೇಶ್ ಮೇಜಿನ ಮೇಲೆ ಬಣ್ಣಬಣ್ಣದ ಕಾಗದ ಹರಡಿದ. ಅವನದು ಅರ್ಧ ತೆಲುಗಿನ ಮಾತು, ಹಿರಿಯರನ್ನೆಲ್ಲ ಪೆದ್ದಾಯನಾ ಎನ್ನುವನು. "ಪೆದ್ದಾಯನಾ, ಇದು ಪೋರ್ಚುಗಲ್, ಇದು ಮಲೇಷಿಯಾ, ಇದು ಥಾಯ್ಲೆಂಡ್. ಯಾವುದು ಬೇಕು ಹೇಳ್ರಿ."

ಭೀಮಲಿಂಗಪ್ಪ ಹೊಲ ನೋಡುವ ಕಣ್ಣಿನಿಂದಲೇ ದೇಶಗಳನ್ನು ನೋಡಿದ.

"ನೀರು ಹೆಂಗೈತಿ?"

"ಬೇಕಾದಷ್ಟು."

"ಮುಳ್ಳು? ನಾಯಿ ಕಾಟ?"

"ಏ, ಅಂಥಾದ್ದೇನಿಲ್ಲ."

"ಸರಿ. ಚೀಲ ಎಷ್ಟು ಕೊಡ್ತಾರ?"

ತಿರುಮಲೇಶ್ ಪೆನ್ನು ಕೆಳಗಿಟ್ಟ. "ಏನು ಚೀಲ?"

"ಜೋಳದ ಚೀಲಪ್ಪ. ನಾವು ಹೋಗಿ ಎಂಟು ತಿಂಗಳು ಅವರ ನೆಲದಾಗ ಇರ್ತೀವಿ. ನೆಲದ ಧಣಿ ನಮಗ ಏನು ಕೊಡ್ತಾನ?"

ಇಲ್ಲಿ ಓದುಗರು ನಗುವ ಮೊದಲು ಸ್ವಲ್ಪ ತಡೆಯಬೇಕು. ಕುರಿಯವರ ಶಾಸ್ತ್ರವೇ ಹಾಗೆ. ಯಾರದೋ ಹೊಲದಲ್ಲಿ ನಾಲ್ಕು ರಾತ್ರಿ ಹಿಂಡು ತರುಬಿದರೆ ಹೊಲಕ್ಕೆ ಗೊಬ್ಬರ. ಅದಕ್ಕೆ ಹೊಲದವನೇ ಕುರಿಯವನಿಗೆ ಕಾಳು ಕೊಡಬೇಕು, ಮೇಲೆ ಊಟ ಹಾಕಬೇಕು. ಬಂದು ಇರುವವನಿಗೆ ನೆಲದವನು ಕೊಡುವುದು ಭೀಮಲಿಂಗಪ್ಪ ಮೂವತ್ತೈದು ವರ್ಷ ಕಂಡ ನ್ಯಾಯ.

"ಅಟ್ಲಾ ಕಾದು ಪೆದ್ದಾಯನಾ! ಮನಮೇ ಕಟ್ಟಾಲಿ. ಫೀಜು ನಾವೇ ಕಟ್ಟಬೇಕು, ಬ್ಯಾಂಕಿನಾಗ ರೊಕ್ಕ ತೋರಿಸಬೇಕು, ಇನ್ಸೂರೆನ್ಸ್ ಮಾಡಿಸಬೇಕು, ಬಾಡಿಗಿ ಕೊಡಬೇಕು!"

"ನಾವು ಹೋಗಿ ಇದ್ದು, ನಾವೇ ಕೊಡಬೇಕಾ?" ಭೀಮಲಿಂಗಪ್ಪ ಎದ್ದು ನಿಂತ. "ಏ ಶಿರೀಷಾ, ನಡಿ. ಇಂಥ ಜಿಪುಣ ದೇಶ ನಾ ಎಲ್ಲೂ ನೋಡಿಲ್ಲ. ರಾಯಚೂರಿನ ಗೌಡ್ರು ಎಷ್ಟೋ ಪಾಡು. ಕಾಳಿನ ಮ್ಯಾಲ ಒಂದು ತಾಟು ಬೆಲ್ಲ ಕೊಡ್ತಿದ್ದರು!"

"ಅಪ್ಪಾ, ರುಮಾಲು!" ಎಂದಳು ಶಿರೀಷಾ. ಅಷ್ಟೇ ಸಾಕಾಯಿತು. ಭೀಮಲಿಂಗಪ್ಪ ಬೋಳು ನೆತ್ತಿ ತಡವಿಕೊಂಡು ಮತ್ತೆ ಕೂತ. ಪೋರ್ಚುಗಲ್ಲಿನಲ್ಲಿ ಚಳಿ ಎಂದು ಅದನ್ನು ತಳ್ಳಿದ. ಮಲೇಷಿಯಾ ಬಹಳ ರೊಕ್ಕ ಇಡಬೇಕೆಂದು ಅದನ್ನೂ ತಳ್ಳಿದ.

ಆಗ ಮೂಲೆಯಿಂದ ಮೊದಲ ಸಲ ಬಸವಕ್ಕನ ದನಿ ಬಂತು. "ಆ ಮೂರನೇದು ಈ ಕಡೆ ಕೊಡಪ್ಪಾ. ಅದರಾಗ ಕಾಣೋದು ಸಮುದ್ರ ಅಲ್ಲೇನು?"

"ಸಮುದ್ರಮೇ ಅಮ್ಮಾ. ಥಾಯ್ಲೆಂಡ್. ಅನ್ನ, ಮೀನು, ಖಾರ ಎಲ್ಲ ನಮ್ಮಂಗೇ. ಐವತ್ತು ವರ್ಷ ದಾಟಿದವರಿಗೆ ಒಂದು ವರ್ಷದ ವೀಸಾ ಕೊಡ್ತಾರ."

"ಅದೇ ಇರಲಿ" ಎಂದಳು ಬಸವಕ್ಕ, ಯಾವ ಸೀರೆ ಎಂದು ಕೇಳಿದವರಿಗೆ ಹೇಳುವಷ್ಟು ಸುಲಭವಾಗಿ.

ತಿರುಮಲೇಶ್ ಖುಷಿಯಿಂದ ಪಾಸ್‌ಪೋರ್ಟು ತೆರೆದ. ಅಪ್ಪ ಅಮ್ಮ ಇಬ್ಬರದನ್ನೂ ಶಿರೀಷಾ ಎಂದೋ ಮಾಡಿಸಿಟ್ಟಿದ್ದಳು. ಪುಟ ನೋಡಿದ, ಭೀಮಲಿಂಗಪ್ಪನನ್ನು ನೋಡಿದ, ಮತ್ತೆ ಪುಟ ನೋಡಿದ.

"ಪೆದ್ದಾಯನಾ, ನಿಮಗ ನಲವತ್ತೆಂಟೇ ಐತಲ್ಲ!"

ಈ ನಲವತ್ತೆಂಟರ ಹಿಂದೆ ಒಂದು ಮೀಸೆಯ ಕಥೆ ಇದೆ. ಆಧಾರ್ ಕಾರ್ಡಿನವರು ಊರಿಗೆ ಬಂದ ದಿನ ಭೀಮಲಿಂಗಪ್ಪ ಯಾರದೋ ಮದುವೆಗೆಂದು ಮೀಸೆಗೆ ಕಪ್ಪು ಹಚ್ಚಿದ್ದ. ವಯಸ್ಸೆಷ್ಟು ಎಂದು ಕೇಳಿದ ಹುಡುಗಿಗೆ, "ನೀನೇ ನೋಡಿ ಹಾಕವ್ವಾ" ಎಂದು ಮೀಸೆ ತಿರುವಿದ್ದ. ಆಕೆ ನೋಡಿ ಹಾಕಿದ್ದಳು. ಹದಿನೇಳು ವರ್ಷ ಕಡಿಮೆ ಹಾಕಿದ್ದಳು. ವರ್ಷಗಟ್ಟಲೆ ಅದನ್ನು ಊರೆಲ್ಲ ತೋರಿಸಿ ಮೆರೆದದ್ದೇ ಮೆರೆದದ್ದು. ಪಕ್ಕದಲ್ಲಿ ಕೂತಿದ್ದ ಬಸವಕ್ಕ ಮಾತ್ರ ಇದ್ದದ್ದು ಇದ್ದಂಗೆ ಹೇಳಿದ್ದಳು. ಈಗ ಆಕೆಗೆ ಅರವತ್ತೊಂದು.

"ಅದು ಸುಳ್ಳೋ! ನನಗ ಅರವತ್ತೈದು. ಹಲ್ಲು ನೋಡು ಬೇಕಾದ್ರ!" ಎಂದು ಭೀಮಲಿಂಗಪ್ಪ ಬಾಯಿ ತೆರೆದ. ಕುರಿಯ ವಯಸ್ಸು ಹಾಗೇ ಗೊತ್ತಾಗುತ್ತದೆ. ಥಾಯ್ಲೆಂಡಿನವರು ಹಲ್ಲು ನೋಡುವುದಿಲ್ಲವಂತೆ.

ತಿರುಮಲೇಶ್ ಬಸವಕ್ಕನ ಪಾಸ್‌ಪೋರ್ಟು ತೆರೆದು ನೋಡಿದ. "ವಯಸ್ಸು ಅಮ್ಮಂದು ಸರಿ ಐತಿ. ರೊಕ್ಕಾನೂ ಅಮ್ಮನ ಹೆಸರಿಗೇ ಐತಿ. ವೀಸಾ ಅಮ್ಮಂಗೆ ಹಾಕೋಣ. ಅಮ್ಮ ಮೇನು, ನೀವು ಡಿಪೆಂಡೆಂಟು."

"ಹಂಗಂದ್ರ?"

"ಆಕಿ ಹೋದ್ರ ನೀವು ಹೋಗಬಹುದು. ಆಕಿ ಬ್ಯಾಡಂದ್ರ ಇಲ್ಲ."

ಭೀಮಲಿಂಗಪ್ಪನ ಮುಖ ನೋಡಬೇಕಿತ್ತು. ಮುನ್ನೂರು ಕುರಿ ಒಂದೇ ಸಿಳ್ಳಿಗೆ ನಿಲ್ಲಿಸಿದ ಗಂಡಸು ಡಿಪೆಂಡೆಂಟು! "ಅದೊಂದು ಆಗಂಗಿಲ್ಲ" ಎಂದ.

ಬಸವಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. "ಮೂವತ್ತೈದು ವರ್ಷ ನೀ ಹೋಗಿ ಬಂದು ಹೇಳಿದ್ದು ಕೇಳೀನಿ. ಅಲ್ಲಿ ಹೊಳಿ ಹಿಂಗಿತ್ತು, ಇಲ್ಲಿ ಗುಡ್ಡ ಹಂಗಿತ್ತು ಅಂತ. ನಾ ಗುಂತಕಲ್ಲು ಬಿಟ್ಟರ ಆದೋನಿ, ಆದೋನಿ ಬಿಟ್ಟರ ಗುಂತಕಲ್ಲು. ಈ ಸಲ ನಾ ನೋಡಾಕಿ. ನೀ ಬಂದ್ರ ಬಾ, ಇಲ್ಲಾಂದ್ರ ಮನಿಯಾಗಿರು, ಬಂದು ಹೇಳ್ತೀನಿ. ಕಾಗದ ತುಂಬಪ್ಪಾ ತಿರುಮಲೇಶ."

ರುಮಾಲು ಬೀಗರ ಗೂಟದಲ್ಲಿ. ವೀಸಾ ಹೆಂಡತಿಯ ಕೈಯಲ್ಲಿ. ಭೀಮಲಿಂಗಪ್ಪ ಹೆಬ್ಬೆಟ್ಟೊತ್ತಲು ಹೋದ. ಸಹಿ ಮಾಡಲು ಬರುತ್ತದಲ್ಲ ಎಂದು ಮಗಳು ನೆನಪು ಮಾಡಿದಳು.

ಇನ್ನು ಬೇಕಾದದ್ದು ಇಬ್ಬರೂ ಗಂಡಹೆಂಡಿರೆಂಬ ಒಂದು ಸರ್ಟಿಫಿಕೇಟು. ನಲವತ್ತೊಂದು ವರ್ಷದ ಹಿಂದೆ ಮದುವೆಯಾದಾಗ ಸರ್ಟಿಫಿಕೇಟು ಎಂದರೆ ಊಟ ಮಾಡಿ ಹೋದ ಜನ. ಆದ್ದರಿಂದ ಮೂವರೂ ರಿಜಿಸ್ಟ್ರಾರ್ ಕಚೇರಿಗೆ ಹೋದರು. ಈ ಕಾಗದಗಳ ಸುದ್ದಿ ಬೀಗರ ಕಿವಿಗೆ ಬೀಳಬಾರದೆಂದು ಭೀಮಲಿಂಗಪ್ಪ ಮಗಳಿಂದ ಮೊದಲೇ ಆಣೆ ಹಾಕಿಸಿಕೊಂಡಿದ್ದ. ರಿಜಿಸ್ಟ್ರಾರು ಪದ್ಮಜಾ ಮೇಡಂ ಕನ್ನಡಕ ಏರಿಸಿ ಕಾಗದ ನೋಡಿದರು, ಬೆರಳಲ್ಲಿ ಲೆಕ್ಕ ಹಾಕಿದರು, ಫ್ಯಾನು ಜೋರು ಮಾಡಿಸಿದರು.

"ಏಂದಿದಿ, ಏನಿದು? ನಲವತ್ತೊಂದು ವರ್ಷದ ಹಿಂದೆ ಪೆಳ್ಳಿ ಅಂತೀರಿ. ಅಂದ್ರ ಗಂಡಿಗೆ ಏಳು ವರ್ಷ, ಹೆಣ್ಣಿಗೆ ಇಪ್ಪತ್ತು. ಏನಮ್ಮಾ, ಏಳು ವರ್ಷದ ಹುಡುಗನ್ನ ಮದುವಿ ಆಗಿಯಾ? ಇದನ್ನ ನಾ ರಿಜಿಸ್ಟರ್ ಮಾಡಿದ್ರ ಮೊದಲು ನನ್ನನ್ನೇ ಒಳಗ ಹಾಕ್ತಾರ!"

"ಮೇಡಂ, ಅವತ್ತು ನನಗ ಮೀಸಿ ಇತ್ತುರೀ!" ಎಂದ ಭೀಮಲಿಂಗಪ್ಪ.

"ಹಲ್ಲು ತೋರಿಸಬ್ಯಾಡ, ಸುಮ್ಮನಿರು" ಎಂದಳು ಬಸವಕ್ಕ.

ಪದ್ಮಜಾ ಮೇಡಂ ಒಳ್ಳೆಯವರು. ನಗು ತಡೆದುಕೊಂಡು ಒಂದು ದಾರಿ ಹೇಳಿದರು. ಇನ್ನೊಂದು ಕಾಯ್ದೆ ಇದೆ, ಅದರಲ್ಲಿ ಹಳೇ ಮದುವೆಯನ್ನು ಈಗ ನೋಂದಾಯಿಸಿದರೆ ಇವತ್ತಿನ ವಯಸ್ಸು ನೋಡಿದರೆ ಸಾಕು. ಆದರೆ ಮೂವತ್ತು ದಿನ ಇಬ್ಬರ ಫೋಟೋ ಸಮೇತ ಕಚೇರಿಯ ಬೋರ್ಡಿಗೆ ನೋಟೀಸು ಹಚ್ಚಬೇಕು. ಯಾರಾದರೂ ತಕರಾರು ಕೊಟ್ಟರೆ ವಿಚಾರಣೆ. ಕೊಡದಿದ್ದರೆ ಸರ್ಟಿಫಿಕೇಟು.

"ನಮ್ಮ ಮದುವಿಗಿ ಯಾರ್ರೀ ತಕರಾರು ಮಾಡ್ತಾರ!" ಎಂದು ಭೀಮಲಿಂಗಪ್ಪ ನಕ್ಕ. ಮನುಷ್ಯ ಹೀಗೆ ನಗುವಾಗ ಯಾರಾದರೂ ಬಾಯಿ ಮುಚ್ಚಬೇಕು.

ಭೀಮಲಿಂಗಪ್ಪ ಮೀಸೆಗೆ ಮತ್ತೆ ಕಪ್ಪು ಹಚ್ಚಿಕೊಂಡು ನೋಟೀಸಿಗೆ ಫೋಟೋ ತೆಗೆಸಿದ. ಇಪ್ಪತ್ತೇಳು ದಿನ ಚೆನ್ನಾಗಿಯೇ ಕಳೆಯಿತು. ಬಸವಕ್ಕ ಪೊಲೀಸರ ಕಾಗದ ತಂದಳು, ಡಾಕ್ಟರ ಕಾಗದ ತಂದಳು, ಶೇಂಗಾ ಚಟ್ನಿಪುಡಿ ಕುಟ್ಟಿದಳು. ಇಪ್ಪತ್ತೆಂಟನೇ ದಿನ ಲಕ್ಷ್ಮಿಕಾಂತ್ ಯಾರದೋ ಪ್ಲಾಟಿನ ನೋಂದಣಿಗೆ ಸಾಕ್ಷಿ ಹಾಕಲು ಅದೇ ಕಚೇರಿಗೆ ಬಂದರು. ಹೊತ್ತು ಹೋಗದೆ ಬೋರ್ಡಿನ ಮುಂದೆ ನಿಂತರು. ಅಲ್ಲಿ ಬೀಗರ ಫೋಟೋ! ಬರಿದಲೆ, ಕಪ್ಪು ಮೀಸೆ! ಕೆಳಗೆ 'ವರ, ವಯಸ್ಸು 48'. ವಧುವಿನ ಅರ್ಧದ ಮೇಲೆ ಯಾರೋ ಹರಾಜಿನ ನೋಟೀಸು ಅಂಟಿಸಿಬಿಟ್ಟಿದ್ದರು.

ಲಕ್ಷ್ಮಿಕಾಂತರಿಗೆ ಎಲ್ಲ ಒಮ್ಮೆಲೇ ಅರ್ಥವಾಯಿತು. ಎಂಟು ತಿಂಗಳ ಪರದೇಶ ಯಾಕೆ, ಮೀಸೆಗೆ ಬಣ್ಣ ಯಾಕೆ, ವಯಸ್ಸು ಕಡಿಮೆ ಯಾಕೆ! "ಅಯ್ಯೋ ಮುದುಕಾ!" ಎಂದು ಕೂಗಿದ್ದು ಪ್ಲಾಟಿನವರಿಗೆಲ್ಲ ಕೇಳಿಸಿತು. ನೇರ ಪದ್ಮಜಾ ಮೇಡಂ ಮುಂದೆ ಹೋಗಿ ಬಿಳಿ ಹಾಳೆ ಕೇಳಿ, ನಿಂತಲ್ಲೇ ಎರಡು ಪುಟ ತಕರಾರು ಬರೆದರು. ಮೇಡಂ ಅದನ್ನು ಓದಿದರು. ಏನೋ ಹೇಳಲು ಬಾಯಿ ತೆರೆದವರು ಮತ್ತೆ ಓದಿದರು.

"ಇದೆಲ್ಲ ನಿಜ ಅಂತ ಪ್ರಮಾಣ ಮಾಡ್ತೀರೇನು?"

"ಎಷ್ಟು ಸಲ ಬೇಕಾದ್ರೂ ಮಾಡ್ತೀನಿ!"

ಅಲ್ಲಿಂದ ಕಾರು ಸೀದಾ ಚಿಪ್ಪಗಿರಿಗೆ. ಭೀಮಲಿಂಗಪ್ಪ ಕಟ್ಟೆಯ ಮೇಲೆ ಯಂಕಣ್ಣನಿಗೆ ಥಾಯ್ಲೆಂಡಿನ ನೀರಿನ ಸೌಕರ್ಯ ವಿವರಿಸುತ್ತಿದ್ದ. ಲಕ್ಷ್ಮಿಕಾಂತ್ ಅವನ ಕಡೆ ನೋಡಲೂ ಇಲ್ಲ. ಒಳಗೆ ಖಾರ ಕುಟ್ಟುತ್ತಿದ್ದ ಬಸವಕ್ಕನ ಮುಂದೆ ಹೋಗಿ ಕೈಮುಗಿದು ನಿಂತರು. ಹಿಂದೆಯೇ ಅರ್ಧ ಓಣಿ ಒಳಗೆ ಬಂತು.

"ತಂಗೆವ್ವಾ, ಗಟ್ಟಿ ಮನಸು ಮಾಡ್ಕೋ. ನಿನ್ನ ಗಂಡ ಇನ್ನೊಂದು ಮದುವಿ ಮಾಡ್ಕೊಳ್ಳಾಕತ್ಯಾನ. ಆದೋನಿ ಬೋರ್ಡಿನ ಮ್ಯಾಲ ಹಾಕ್ಯಾರ! ನಾ ತಕರಾರು ಬರೆದು ಕೊಟ್ಟೇ ಬಂದೀನಿ!"

ಬಸವಕ್ಕ ಒನಕೆ ನಿಲ್ಲಿಸಲಿಲ್ಲ. "ಗೊತ್ತೈತಿ ಅಣ್ಣಾ. ನಾನೇ ಸಹಿ ಹಾಕೀನಿ."

"ಸಹಿ ಹಾಕಿಯಾ? ಒಪ್ಪಿಗಿ ಕೊಟ್ಟಿಯಾ? ಅಯ್ಯೋ ಮಹಾತಾಯಿ! ಆ ಹೆಣ್ಣು ಯಾರಂತ ನೋಡಿಯೇನು?"

"ದಿನಾ ಕನ್ನಡ್ಯಾಗ ನೋಡ್ತೀನಲ್ಲ. ಹೆಣ್ಣು ನಾನೇ."

ಓಣಿಯ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಖಾರದ ಘಾಟಿಗೆ ಸೀನಿದವರೂ ಬಹಳ. ನಗದೇ ಇದ್ದವನು ಭೀಮಲಿಂಗಪ್ಪ ಒಬ್ಬನೇ.

"ತಕರಾರು ಕೊಟ್ಟು ಬಂದೀರೇನ್ರೀ ಬೀಗರ?" ಎಂದು ಕಣ್ಣೊರೆಸಿಕೊಂಡ. "ಇನ್ನೆರಡು ದಿನ ಇತ್ತಲ್ರೀ! ಮುಗೀತು. ನನ್ನ ವೀಸಾ ಮುಗೀತು, ನನ್ನ ರುಮಾಲು ಮುಗೀತು."

"ಅಳಬ್ಯಾಡ, ನಡಿ" ಎಂದು ಬಸವಕ್ಕ ಖಾರದ ಕೈ ತೊಳೆದಳು. ಬೀಗರ ಕಾರಿನಲ್ಲೇ ಎಲ್ಲರೂ ಆದೋನಿಗೆ ಹೋದರು. ದಾರಿಯುದ್ದಕ್ಕೂ ಲಕ್ಷ್ಮಿಕಾಂತ್ ದುಬೈ ಎಂದು ಒಮ್ಮೆಯೂ ಅನ್ನಲಿಲ್ಲ.

"ಮೇಡಂ, ನನ್ನ ತಕರಾರು ವಾಪಸ್ ಕೊಡ್ರಿ" ಎಂದು ಅವರು ಕೈಮುಗಿದರು.

"ವಾಪಸ್ ಎಂದುಕು? ಯಾಕ ಕೊಡಬೇಕು?" ಪದ್ಮಜಾ ಮೇಡಂ ಹಾಳೆ ತೆಗೆದು ದೊಡ್ಡ ದನಿಯಲ್ಲಿ ಓದಿದರು. "'ಈ ಭೀಮಲಿಂಗಪ್ಪನಿಗೆ ಚಿಪ್ಪಗಿರಿಯ ಬಸವಕ್ಕ ಎಂಬ ಹೆಂಡತಿ ಇದ್ದಾಳೆ. ಇಬ್ಬರ ಮದುವೆಗೆ ನಾನೇ ಹೋಗಿದ್ದೆ, ಊಟ ಮಾಡಿದ್ದೆ, ಬದನೆಕಾಯಿ ಪಲ್ಯಕ್ಕೆ ಉಪ್ಪು ಸಾಲದಿತ್ತು. ಅವರ ಮಗಳು ನನ್ನ ಸೊಸೆ. ಬಸವಕ್ಕನಂಥ ಹೆಂಗಸು ಇರುವಾಗ ಈ ಮನುಷ್ಯನಿಗೆ ಬೇರೆ ಹೆಂಡತಿ ಯೋಗ್ಯವಲ್ಲ.' ಇವರಿಬ್ಬರೂ ಗಂಡಹೆಂಡಿರು ಅನ್ನೋದಕ್ಕ ಇದಕ್ಕಿಂತ ಒಳ್ಳೇ ಸಾಕ್ಷಿ ನನ್ನ ಸರ್ವೀಸಿನಾಗೇ ನೋಡಿಲ್ಲ. ಇದು ಫೈಲಿನಾಗೇ ಇರ್ತದ. ನಾಡಿದ್ದು ಬಂದು ಸರ್ಟಿಫಿಕೇಟು ತಗೊಂಡು ಹೋಗ್ರಿ."

ಭೀಮಲಿಂಗಪ್ಪ ಬೀಗರನ್ನು ತಬ್ಬಿಕೊಂಡ ರಭಸಕ್ಕೆ ಅವರ ಕನ್ನಡಕ ಬಿತ್ತು. "ಉಪ್ಪು ಕಡಿಮಿ ಇದ್ದದ್ದು ಖರೇನೇ ಬೀಗರ! ನೆನಪಿಟ್ಟಿರಲ್ಲ!" ಎಂದು ಕಣ್ಣು ತುಂಬಿಕೊಂಡ.

ಎರಡು ತಿಂಗಳಿಗೆ ವೀಸಾ ಬಂತು. ಚಿಪ್ಪಗಿರಿಗೆ ಚಿಪ್ಪಗಿರಿಯೇ ಅಂಗಳದಲ್ಲಿ ನೆರೆಯಿತು. ಮಾತಿಗೆ ತಪ್ಪದೆ ಲಕ್ಷ್ಮಿಕಾಂತ್ ಹಿತ್ತಾಳೆ ತಟ್ಟೆಯಲ್ಲಿ ರುಮಾಲು, ಅದರ ಮೇಲೊಂದು ತೆಂಗಿನಕಾಯಿ ಇಟ್ಟುಕೊಂಡು ಬಂದರು. ಇಸ್ತ್ರಿ ಬೇರೆ ಮಾಡಿಸಿದ್ದರು. ಭೀಮಲಿಂಗಪ್ಪ ಎದೆ ಉಬ್ಬಿಸಿ ಮುಂದೆ ಬಂದ. ಲಕ್ಷ್ಮಿಕಾಂತ್ ಅವನನ್ನು ದಾಟಿಹೋಗಿ ತಟ್ಟೆಯನ್ನು ಬಸವಕ್ಕನ ಮುಂದೆ ಹಿಡಿದರು.

"ವೀಸಾ ಯಾರದೋ, ರುಮಾಲೂ ಅವರದೇ. ತಿರುಮಲೇಶ ಎಲ್ಲ ಹೇಳ್ಯಾನ ಬೀಗರ" ಎಂದರು.

ಯಂಕಣ್ಣ ಬಾಯಿ ತೆರೆದವನು ಮುಚ್ಚಲಿಲ್ಲ. ಭೀಮಲಿಂಗಪ್ಪ ನೆಲ ನೋಡುತ್ತಾ ನಿಂತ.

ಬಸವಕ್ಕ ರುಮಾಲು ಎತ್ತಿಕೊಂಡಳು. ಒಮ್ಮೆ ಕೊಡವಿದಳು. ಮಡಿಕೆ ಬಿಚ್ಚಿ, ತುದಿ ಹಲ್ಲಿನಲ್ಲಿ ಕಚ್ಚಿ ಹಿಡಿದು, ಗಂಡನ ತಲೆಗೆ ಸುತ್ತು ಸುತ್ತಾಗಿ ತಾನೇ ಕಟ್ಟಿದಳು. ಇಷ್ಟು ಜನರ ಮುಂದೆ ಆಕೆ ಅವನನ್ನು ಮುಟ್ಟಿದ್ದು ಮದುವೆಯ ದಿನ ಬಿಟ್ಟರೆ ಅಂದೇ.

"ನನ್ನ ಸಂಗಟ ಬರಾಂವ ಬರಿದಲೆ ಬರಬಾರದು" ಎಂದಳು.

ಭೀಮಲಿಂಗಪ್ಪ ರುಮಾಲಿನ ಅಂಚು ಮುಟ್ಟಿ ನೋಡಿಕೊಂಡ. ಏನಾದರೂ ಹೇಳಲೇಬೇಕಲ್ಲ, ಗಂಡಸು. "ಹೌದೂ, ಕೊನೀಗಿ ಚೀಲ ಎಷ್ಟಾದುವು?" ಎಂದು ಕೇಳಿದ.

"ಎರಡು. ಒಂದು ಚಟ್ನಿಪುಡಿ, ಒಂದು ರೊಟ್ಟಿ. ಎರಡೂ ನೀನೇ ಹೊರಬೇಕು."

ಮರುದಿನ ಬೆಳಗಿನ ಬಸ್ಸಿಗೆ ಊರೆಲ್ಲ ಹತ್ತಿಸಲು ಬಂದಿತ್ತು. ಬಸವಕ್ಕ ಕಿಟಕಿ ಹಿಡಿದು ಕೂತಳು, ಸಮುದ್ರ ಈಗಲೇ ಬರುತ್ತದೆಂಬಂತೆ ಹೊರಗೆ ನೋಡುತ್ತಾ. ಭೀಮಲಿಂಗಪ್ಪ ಎರಡು ಚೀಲಗಳ ನಡುವೆ ಸಿಕ್ಕಿಕೊಂಡು ನಿಂತ. ಕಂಡಕ್ಟರು ಬಂದು ಬಸವಕ್ಕನ ಆಧಾರ್ ನೋಡಿ ಹೆಂಗಸರ ಪುಕ್ಕಟೆ ಟಿಕೆಟ್ಟು ಹರಿದುಕೊಟ್ಟ. ಆಮೇಲೆ ಭೀಮಲಿಂಗಪ್ಪನ ಕಡೆ ಕೈ ಚಾಚಿದ.

"ನನಗೂ ಪುಕ್ಕಟೆನೇ" ಎಂದ ಭೀಮಲಿಂಗಪ್ಪ, ರುಮಾಲು ಸರಿಮಾಡಿಕೊಂಡು, ಇಡೀ ಬಸ್ಸಿಗೆ ಕೇಳುವಂತೆ. "ನಾ ಆಕಿ ಡಿಪೆಂಡೆಂಟು!"

"ಡಿಪೆಂಡೆಂಟುಗಳಿಗೆ ಸರ್ಕಾರ ಇನ್ನಾ ಏನೂ ಕೊಟ್ಟಿಲ್ಲ ತಾತಾ. ಟಿಕೆಟ್ ತಗೋಬೇಕು."

ಬಸವಕ್ಕ ಕಿಟಕಿಯಿಂದ ಮುಖ ತಿರುಗಿಸಿ, ಸೆರಗಿನ ಗಂಟು ಬಿಚ್ಚಿದಳು.

"ಒಂದು ಆದೋನಿ ಕೊಡಪ್ಪಾ" ಎಂದಳು. "ಇವ್ರು ನನ್ನ ಸಂಗಟ ಬಂದಾರ."